ಟ್ಯಾಕ್ಸಿಡರ್ಮಿ ಕಲಿಯಬೇಕೆ? ಶಾಲೆ ಆರಿಸುವ ಮುನ್ನ ಕಾಸರಗೋಡಿನವರು ತಿಳಿದಿರಬೇಕಾದದ್ದು

ಪ್ಲಸ್ ಟು ಫಲಿತಾಂಶ ಬಂದ ಬೆನ್ನಿಗೇ ಈ ಪ್ರಶ್ನೆ ಬರತೊಡಗುತ್ತದೆ: "ಟ್ಯಾಕ್ಸಿಡರ್ಮಿ ಕಲಿಯಲು ಒಳ್ಳೆಯ ಶಾಲೆ ಯಾವುದು?" ಕೇಳುವವರಲ್ಲಿ ಪ್ರಾಣಿಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗಳಿದ್ದಾರೆ, ಮಗನಿಗೆ ಚಿತ್ರ ಬಿಡಿಸುವ ಕೈ ಇದೆ ಎನ್ನುವ ತಂದೆಯರಿದ್ದಾರೆ, ಸಾಕಿದ ನಾಯಿಯನ್ನು ಕಳೆದುಕೊಂಡ ಮೇಲೆ ಈ ವಿದ್ಯೆಯ ಹೆಸರು ಕೇಳಿದವರೂ ಇದ್ದಾರೆ. ಎಲ್ಲರಿಗೂ ಬೇಕಾದ ಉತ್ತರವನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಹೊಸಬರಿಗಾಗಿ ಒಂದು ಮಾತು. ಸತ್ತ ಪ್ರಾಣಿಯ ಚರ್ಮ ಸುಲಿದು, ಅದನ್ನು ಹದ ಮಾಡಿ, ದೇಹದ ಅಳತೆಗೆ ಸರಿಹೊಂದುವ ಅಚ್ಚಿನ ಮೇಲೆ ಹೊದಿಸಿ, ಬದುಕಿದ್ದಾಗಿನ ನಿಲುವಿಗೆ ತರುವ ಕೆಲಸವೇ ಟ್ಯಾಕ್ಸಿಡರ್ಮಿ. ಒಳಗೆ ಮಾಂಸ ಇರುವುದಿಲ್ಲ. ಹಕ್ಕಿಯಾದರೆ ತಲೆಬುರುಡೆ, ರೆಕ್ಕೆ ಮತ್ತು ಕಾಲಿನ ಎಲುಬುಗಳಷ್ಟೇ ಉಳಿಯುತ್ತವೆ. ಕಣ್ಣು ಗಾಜಿನದು.

ಇಂಜಿನಿಯರಿಂಗ್ ಕಾಲೇಜನ್ನೋ ನರ್ಸಿಂಗ್ ಕಾಲೇಜನ್ನೋ ಹುಡುಕುವ ಹಾಗೆ ಫಲಕ ನೋಡಿ ಈ ಶಾಲೆಯನ್ನು ಹುಡುಕಬೇಡಿ. ನಮ್ಮ ದೇಶದಲ್ಲಿ ಈ ವಿದ್ಯೆ ಹೆಚ್ಚಾಗಿ ಉಳಿದಿರುವುದು ವಸ್ತುಸಂಗ್ರಹಾಲಯಗಳ ಹಿಂಬದಿಯ ಕೋಣೆಗಳಲ್ಲಿ, ಪಶುವೈದ್ಯ ಕಾಲೇಜುಗಳ ಅಂಗರಚನಾ ವಿಭಾಗಗಳಲ್ಲಿ, ಅರಣ್ಯ ಇಲಾಖೆಯ ಆವರಣದಲ್ಲಿ. ಕಲಿಸುವ ಜಾಗ ಯಾವುದೇ ಇರಲಿ, ಅದನ್ನು ಅಳೆಯಲು ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಕಲಿಯುವವರ ಮೇಜಿನ ಮೇಲೆ ಇಡುವ ಪ್ರಾಣಿ ಎಲ್ಲಿಂದ ಬರುತ್ತದೆ, ಅದರ ಕಾಗದಪತ್ರ ಎಲ್ಲಿದೆ? ಇದಕ್ಕೆ ನೇರ ಉತ್ತರ ಸಿಗದ ಕಡೆ ಶುಲ್ಕ ಕಟ್ಟಬೇಡಿ.

1. ಕಾನೂನನ್ನು ಮೊದಲು ಓದಿ

ಇದನ್ನು ಕೊನೆಗೆ ನೋಡಿಕೊಳ್ಳೋಣ ಎಂದುಕೊಂಡವರೇ ತೊಂದರೆಗೆ ಸಿಲುಕುವುದು. ಆದ್ದರಿಂದ ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೆಯ ವಿಧಿಯ ಪ್ರಕಾರ, ಸತ್ತು ಬಿದ್ದಿರುವ ವನ್ಯಪ್ರಾಣಿ ಸರ್ಕಾರದ ಸ್ವತ್ತು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ನವಿಲಾಗಲಿ, ತೋಟದ ಬಾವಿಗೆ ಬಿದ್ದು ಸತ್ತ ಕಬ್ಬೆಕ್ಕಾಗಲಿ ನಿಮ್ಮದಲ್ಲ. "ನಾನು ಕೊಂದಿಲ್ಲವಲ್ಲ, ಸತ್ತದ್ದನ್ನು ತಂದೆ" ಎಂಬ ಸಮಜಾಯಿಷಿ ನಡೆಯುವುದಿಲ್ಲ. ಅಂಥದ್ದು ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಯ ಅಧಿಕಾರಿಗೋ ತಿಳಿಸಬೇಕು. ನಮ್ಮ ಜಿಲ್ಲೆಯವರಿಗೆ ಕಾಸರಗೋಡು ಮತ್ತು ಕಾಞಂಗಾಡಿನ ವಲಯ ಅರಣ್ಯ ಕಚೇರಿಗಳಿವೆ. ಮುಟ್ಟದೆ ಫೋನ್ ಮಾಡುವುದೇ ಎಲ್ಲಕ್ಕಿಂತ ಒಳ್ಳೆಯದು.

ಈ ಕಾಯ್ದೆಗೆ 2022ರಲ್ಲಿ ದೊಡ್ಡ ತಿದ್ದುಪಡಿಯಾಯಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಹಿಂದೆ ಕಾಗೆ, ಇಲಿ, ಹಣ್ಣು ತಿನ್ನುವ ಬಾವಲಿಗಳನ್ನು ಕ್ಷುದ್ರ ಜೀವಿಗಳೆಂದು ಬೇರೆಯೇ ಪಟ್ಟಿಯಲ್ಲಿ ಇಟ್ಟಿದ್ದರು. ಆ ಪಟ್ಟಿಯೇ ಈಗ ಇಲ್ಲ. ಹಳೆಯ ಪುಸ್ತಕ, ಹಳೆಯ ವಿಡಿಯೊ ನಂಬಿಕೊಂಡು "ಕಾಗೆಯ ಮೇಲೆ ಅಭ್ಯಾಸ ಮಾಡಬಹುದು" ಎಂದು ಹೇಳಿಕೊಡುವ ಶಿಕ್ಷಕರು ಕಾನೂನನ್ನು ಇತ್ತೀಚೆಗೆ ಓದಿಲ್ಲ ಎಂದೇ ಅರ್ಥ. ಮೊದಲ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ತಪ್ಪು ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡ. ಅನುಸೂಚಿ ಎಂದರೆ ಯಾವ ಪ್ರಾಣಿಗೆ ಎಷ್ಟು ರಕ್ಷಣೆ ಎಂದು ಕಾಯ್ದೆಯ ಕೊನೆಯಲ್ಲಿ ಕೊಟ್ಟಿರುವ ಪಟ್ಟಿ.

ನಮ್ಮ ಊರುಗಳಲ್ಲಿ ಪದೇ ಪದೇ ಎದುರಾಗುವ ಕೆಲವು ಸಂದರ್ಭಗಳನ್ನೂ ಹೇಳಿಬಿಡುತ್ತೇನೆ. ಕೇರಳದಲ್ಲಿ ಕೃಷಿ ಹಾಳುಮಾಡುವ ಕಾಡುಹಂದಿಯನ್ನು ಗುಂಡಿಕ್ಕಲು ಸ್ಥಳೀಯ ಸಂಸ್ಥೆಯ ಅಧ್ಯಕ್ಷರು ಅನುಮತಿ ಕೊಡುವ ವ್ಯವಸ್ಥೆ 2022ರಲ್ಲಿ ಬಂದಿದೆ. ಹಾಗೆ ಕೊಂದ ಹಂದಿಯ ಕಳೇಬರವನ್ನು ಕ್ರಮಪ್ರಕಾರ ವಿಲೇವಾರಿ ಮಾಡಬೇಕು. ತಲೆಯನ್ನು ಮಾತ್ರ ಕಲಿಕೆಗೆಂದು ಎತ್ತಿಟ್ಟುಕೊಳ್ಳುವಂತಿಲ್ಲ. ಕಡಲಾಮೆ ದಡಕ್ಕೆ ಬಂದು ಸತ್ತಿದ್ದರೂ, ಬಲೆಯಲ್ಲಿ ಕಡಲಕುದುರೆ ಸಿಕ್ಕಿದರೂ ಇದೇ ಮಾತು. ಚಂದ್ರಗಿರಿ ಹೊಳೆಯಲ್ಲಿರುವ ದೈತ್ಯ ಮೆದುಚಿಪ್ಪಿನ ಆಮೆಯನ್ನೂ ಬಿಳಿಹೊಟ್ಟೆಯ ಕಡಲ ಹದ್ದನ್ನೂ ನಮ್ಮ ಜಿಲ್ಲಾ ಪಂಚಾಯತ್ 2023ರಲ್ಲಿ ಜಿಲ್ಲೆಯ ಸ್ವಂತ ಜೀವಿಗಳೆಂದು ಘೋಷಿಸಿತು. ಇವುಗಳ ಚರ್ಮವೋ ಚಿಪ್ಪೋ ರೆಕ್ಕೆಯೋ ಯಾರದಾದರೂ "ತರಬೇತಿ ಕೇಂದ್ರ"ದಲ್ಲಿ ಕಾಗದವಿಲ್ಲದೆ ಕಂಡರೆ, ಸೇರುವ ವಿಚಾರ ಬಿಟ್ಟು ಇಲಾಖೆಗೆ ತಿಳಿಸಿ.

ಹಾಗಾದರೆ ಯಾವುದರ ಮೇಲೆ ಕಲಿಯಬಹುದು? ಕೋಳಿ, ಬಾತುಕೋಳಿ, ಆಡು, ಸಾಕಿದ ಮೊಲ, ಸಾಕಿದ ನಾಯಿ ಬೆಕ್ಕು, ಮತ್ತು ಮಾರುಕಟ್ಟೆಯಲ್ಲಿ ಸಿಗುವ ಬಂಗುಡೆ, ಅಂಜಲ್‌ಗಳಂಥ ಮೀನು. ಇಷ್ಟರಲ್ಲೇ ವಿದ್ಯೆಯ ಬಹುಪಾಲು ಅಡಗಿದೆ. ಪಂಜರದ ಹಸಿರು ಗಿಳಿಯನ್ನು ಈ ಪಟ್ಟಿಗೆ ಸೇರಿಸಬೇಡಿ, ಅದನ್ನು ಸಾಕುವುದೇ ಅಪರಾಧ.

2. ಯಾವ ಉದ್ದೇಶಕ್ಕೆ ಎಂದು ನಿಮ್ಮಲ್ಲೇ ಕೇಳಿಕೊಳ್ಳಿ

ವಸ್ತುಸಂಗ್ರಹಾಲಯದಲ್ಲೋ ಸಂಶೋಧನಾ ಸಂಸ್ಥೆಯಲ್ಲೋ ಕೆಲಸ ಬೇಕೆಂದಿದ್ದರೆ ಪ್ರಾಣಿಶಾಸ್ತ್ರದ ಪದವಿ ಮೊದಲು, ಕೈಕೆಲಸ ಆಮೇಲೆ. ಅಲ್ಲಿ ಹೆಚ್ಚಾಗಿ ಬೇಕಾಗುವುದು ಅಧ್ಯಯನ ಮಾದರಿ ಮಾಡುವ ಕೌಶಲ. ಅಂದರೆ ಕಣ್ಣಿನ ಜಾಗದಲ್ಲಿ ಹತ್ತಿ ಇಟ್ಟು, ರೆಕ್ಕೆ ಮಡಚಿ, ಅಂಗಾತ ಮಲಗಿಸಿ, ಕಾಲಿಗೆ ಊರು, ದಿನಾಂಕ, ಅಳತೆ ಬರೆದ ಚೀಟಿ ಕಟ್ಟಿದ ಹಕ್ಕಿಚರ್ಮ. ನೋಡಲು ಚೆಂದವಿಲ್ಲ, ಆದರೆ ಆ ಚೀಟಿ ಇಲ್ಲದ ಚರ್ಮಕ್ಕೆ ವಿಜ್ಞಾನದಲ್ಲಿ ಬೆಲೆಯಿಲ್ಲ.

ಸಾಕುಪ್ರಾಣಿಗಳನ್ನು ಉಳಿಸಿಕೊಡುವ ಕೆಲಸ ಮಾಡುವವರಿಗೆ ಸಸ್ತನಿಗಳ ಚರ್ಮ ಹದ ಮಾಡುವುದು ಚೆನ್ನಾಗಿ ಬರಬೇಕು. ಮೀನಿನ ಕೆಲಸಕ್ಕೆ ಬಣ್ಣಗಾರನ ಕೈ ಬೇಕು: ಬಂಗುಡೆಯ ಬೆನ್ನಿನ ಮೇಲಿನ ನೀಲಿ ಹಸಿರು ಅಲೆಗೆರೆಗಳು ಚರ್ಮ ಒಣಗುವಷ್ಟರಲ್ಲಿ ಮಾಸಿ ಹೋಗುತ್ತವೆ, ಅವನ್ನು ಮತ್ತೆ ಬರೆಯಬೇಕು. ಚಿತ್ರ ಬಿಡಿಸುವ ಮಕ್ಕಳಿಗೆ ನಾನು ಈ ದಾರಿಯನ್ನೇ ಮೊದಲು ಸೂಚಿಸುತ್ತೇನೆ.

ಇದು ದೊಡ್ಡ ಸಂಬಳದ ಕ್ಷೇತ್ರವಲ್ಲ, ಹುದ್ದೆಗಳೂ ಕಡಿಮೆ. ಇದೊಂದನ್ನೇ ನಂಬಿ ಬೇರೆ ಓದು ಬಿಡುವುದನ್ನು ನಾನು ಒಪ್ಪುವುದಿಲ್ಲ.

3. ಕಲಿಯುವ ದಾರಿಗಳು

ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯ ಬಗ್ಗೆ ಕೇಳಿ ಬರುವವರಿಗೆ ಮೊದಲು ಉತ್ತರಿಸುತ್ತೇನೆ. ಸುಮಾರು 1900ರಲ್ಲಿ ಆರಂಭವಾದ ಆ ಸಂಸ್ಥೆ ಮಹಾರಾಜರ, ಬ್ರಿಟಿಷ್ ಅಧಿಕಾರಿಗಳ ಬೇಟೆಯ ಹುಲಿ ಚಿರತೆಗಳಿಗೆ ರೂಪ ಕೊಟ್ಟು ಜಗತ್ತಿನಲ್ಲೇ ಹೆಸರು ಮಾಡಿತ್ತು. 1999ರಲ್ಲಿ ಅದು ಮುಚ್ಚಿತು. ಆ ಮನೆತನದ ಸಹೋದರರಲ್ಲಿ ಕೊನೆಯವರಾದ ಜೂಬರ್ಟ್ ವ್ಯಾನ್ ಇಂಗೆನ್ 2013ರಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ಅವರ ಹೆಸರು ಹೇಳಿಕೊಂಡು ಯಾರಾದರೂ ಪ್ರಮಾಣಪತ್ರ ಕೊಡುತ್ತೇವೆ ಎಂದರೆ ದೂರವಿರಿ.

ಪಶುವೈದ್ಯ ಕಾಲೇಜು. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಗಟ್ಟಿಯಾದ ದಾರಿ. ಅಂಗರಚನೆ, ಅಂದರೆ ಎಲುಬು, ಸ್ನಾಯು, ಕೀಲುಗಳ ಜೋಡಣೆ ತಿಳಿಯದವರು ಮಾಡಿದ ಪ್ರಾಣಿ ಎಷ್ಟೇ ನಯವಾಗಿದ್ದರೂ ನಿಲುವಿನಲ್ಲಿ ಸೋಲುತ್ತದೆ. ಕೇರಳದಲ್ಲಿ ವಯನಾಡಿನ ಪೂಕೋಡ್ ಮತ್ತು ತೃಶೂರಿನ ಮಣ್ಣುತ್ತಿಯಲ್ಲಿ ಕಾಲೇಜುಗಳಿವೆ. ಪ್ರವೇಶಕ್ಕೆ ನೀಟ್ ಅಂಕ ಬೇಕು. ಕರ್ನಾಟಕದ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲೂ ಕಾಲೇಜುಗಳಿವೆ. ಕಾಸರಗೋಡಿನ ಕನ್ನಡ ಮಕ್ಕಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಗಡಿನಾಡು ಕನ್ನಡಿಗರ ನಿಯಮದಡಿ ಅರ್ಹತೆ ಸಿಗಬಹುದು. ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಆ ಭಾಗವನ್ನು ಗಮನವಿಟ್ಟು ಓದಿ. ಕನ್ನಡ ಭಾಷಾ ಪರೀಕ್ಷೆಯ ದಿನಾಂಕ ತಪ್ಪಿಸಿಕೊಂಡರೆ ಅರ್ಹತೆಯಿದ್ದೂ ಕೈತಪ್ಪುತ್ತದೆ. ಪದವಿ ಮುಗಿಯಲು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ.

ಪ್ರಾಣಿಶಾಸ್ತ್ರದ ಪದವಿ. ಕಾಸರಗೋಡಿನ ಸರ್ಕಾರಿ ಕಾಲೇಜು ಹತ್ತಿರದಲ್ಲೇ ಇದೆ. ಸ್ನಾತಕೋತ್ತರಕ್ಕೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಇಲ್ಲಿ ಟ್ಯಾಕ್ಸಿಡರ್ಮಿ ಪಾಠ ಸಿಗುತ್ತದೆ ಎಂದು ಸೇರಬೇಡಿ. ಇಲ್ಲಿನ ವಿದ್ಯಾರ್ಥಿ ಎಂಬ ಗುರುತು ಮುಂದಿನ ಬಾಗಿಲುಗಳನ್ನು ತೆರೆಯುತ್ತದೆ, ಅದಕ್ಕಾಗಿ ಸೇರಿ. ಆ ಬಾಗಿಲುಗಳಲ್ಲಿ ನಮಗೆ ಹತ್ತಿರದ್ದು ಕಲ್ಲಿಕೋಟೆಯಲ್ಲಿರುವ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಪಶ್ಚಿಮ ಘಟ್ಟ ಪ್ರಾದೇಶಿಕ ಕೇಂದ್ರ. ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಅಲ್ಲಿರಬಹುದು. 1916ರಲ್ಲಿ ಸ್ಥಾಪನೆಯಾದ ಈ ಸರ್ವೇಕ್ಷಣಾಲಯದ ಮುಖ್ಯ ಕಚೇರಿ ಕೋಲ್ಕತ್ತದಲ್ಲಿದೆ. ಮಾದರಿಗಳನ್ನು ಸಿದ್ಧಪಡಿಸುವುದು, ಕಾಪಾಡುವುದು ಅದರ ನಿತ್ಯದ ಕೆಲಸ. ಕಾಲೇಜಿನ ವಿಭಾಗ ಮುಖ್ಯಸ್ಥರ ಪತ್ರದೊಂದಿಗೆ ಅಲ್ಪಾವಧಿಯ ತರಬೇತಿಗೆ ಅವಕಾಶವಿದೆಯೇ ಎಂದು ಬರೆದು ಕೇಳಿ.

ಅರಣ್ಯ ಇಲಾಖೆಯ ಕೇಂದ್ರ. ಮುಂಬೈಯ ಬೋರಿವಲಿಯಲ್ಲಿರುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2009ರಲ್ಲಿ ವನ್ಯಪ್ರಾಣಿ ಟ್ಯಾಕ್ಸಿಡರ್ಮಿ ಕೇಂದ್ರ ತೆರೆಯಿತು. ಅದನ್ನು ಕಟ್ಟಿದವರು ಮುಂಬೈ ಪಶುವೈದ್ಯ ಕಾಲೇಜಿನ ಅಂಗರಚನಾ ಪ್ರಾಧ್ಯಾಪಕ ಡಾ. ಸಂತೋಷ್ ಗಾಯಕ್ವಾಡ್. ಹುಲಿ, ಸಿಂಹಗಳು ಸತ್ತಾಗ ಅಧಿಕೃತ ಅನುಮತಿಯೊಂದಿಗೆ ಅಲ್ಲಿ ಕೆಲಸ ನಡೆಯುತ್ತದೆ. ಪ್ರಾಣಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಕಾಗದ ತೋರಿಸಿ ಉತ್ತರಿಸುವ ವ್ಯವಸ್ಥೆ ಎಂದರೆ ಇದೇ. ನೇತ್ರಾವತಿ ಎಕ್ಸ್‌ಪ್ರೆಸ್ ನಮ್ಮೂರಿನಿಂದಲೇ ಹೋಗುತ್ತದೆ. ಆದರೂ ಮೊದಲು ಪತ್ರ ಬರೆದು, ಉತ್ತರ ಬಂದ ಮೇಲೆಯೇ ಟಿಕೆಟ್ ಮಾಡಿಸಿ.

ವಿದೇಶದ ಶಾಲೆಗಳು. ಅಮೆರಿಕದಲ್ಲಿ ಖಾಸಗಿ ಶಾಲೆಗಳು ಹಲವಿವೆ. ಬ್ರಿಟನ್ನಿನಲ್ಲಿ ಕುಶಲಕರ್ಮಿಗಳ ಸಂಘವೇ ಇದೆ. ಕಲಿಕೆ ಚೆನ್ನಾಗಿರುತ್ತದೆ. ಆದರೆ ಅಮೆರಿಕದ ಪಾಠ ಬಹುಮಟ್ಟಿಗೆ ಬೇಟೆಗಾರರ ಜಿಂಕೆತಲೆಗಳ ಸುತ್ತ ಕಟ್ಟಿದ್ದು. ಆ ವ್ಯವಹಾರವನ್ನು ಇಲ್ಲಿಗೆ ತಂದು ನಡೆಸಲು ಸಾಧ್ಯವೇ ಇಲ್ಲ. ಲಕ್ಷಗಟ್ಟಲೆ ಸಾಲ ಮಾಡಿ ಹೋಗುವ ಮುಂಚೆ ಇದನ್ನು ಮನೆಯವರ ಜೊತೆ ಕುಳಿತು ಮಾತಾಡಿ.

ಇನ್ನು ಆನ್‌ಲೈನ್ ಪಾಠ: ನೋಡಿ, ಟಿಪ್ಪಣಿ ಮಾಡಿಕೊಳ್ಳಿ. ಅದರ ಪ್ರಮಾಣಪತ್ರಕ್ಕೆಂದು ಹಣ ಕೊಡಬೇಡಿ.

4. ಅವರು ಮಾಡಿದ ಕೆಲಸವನ್ನು ಹತ್ತಿರದಿಂದ ನೋಡಿ

ಸೇರುವ ಮುನ್ನ ಒಮ್ಮೆಯಾದರೂ ಖುದ್ದಾಗಿ ಹೋಗಿ. ಅದಕ್ಕೂ ಮೊದಲು ಕಣ್ಣು ಪಳಗಬೇಕು. ಮೈಸೂರಿನ ಕಾರಂಜಿ ಕೆರೆಯ ಪಕ್ಕದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ, ತಿರುವನಂತಪುರದ ನೇಪಿಯರ್ ಮ್ಯೂಸಿಯಂ ಆವರಣದ ಪ್ರಾಕೃತಿಕ ಸಂಗ್ರಹಾಲಯ ಇವುಗಳಲ್ಲಿ ಒಂದನ್ನಾದರೂ ನಿಧಾನವಾಗಿ ನೋಡಿ ಬನ್ನಿ.

ಶಾಲೆಯಲ್ಲಿ ಮಾದರಿಯನ್ನು ದೂರದಿಂದ ನೋಡಿ ಮೆಚ್ಚಬೇಡಿ, ಒಂದು ಗೇಣು ಹತ್ತಿರಕ್ಕೆ ಹೋಗಿ. ಮೊದಲು ಕಣ್ಣಿನ ಸುತ್ತ ನೋಡಿ. ರೆಪ್ಪೆ ಒಣಗಿ ಹಿಂದಕ್ಕೆ ಸರಿದು ಗಾಜಿನ ಅಂಚು ಕಾಣುತ್ತಿದೆಯೆಂದರೆ ಒಳಗಿನ ಜೇಡಿಮಣ್ಣಿನ ಕೆಲಸ ಸರಿಯಾಗಿಲ್ಲ. ಸಸ್ತನಿಯಾದರೆ ಮೂಗಿನ ಹೊಳ್ಳೆ ಮತ್ತು ತುಟಿಯ ಅಂಚು ಕುಗ್ಗಿ ಹಲ್ಲು ಹೊರಬಂದಂತಿದೆಯೇ? ಕಿವಿ ಮುರುಟಿದೆಯೇ? ಕುತ್ತಿಗೆಯ ಬುಡ, ತೊಡೆಯ ಒಳಮೂಲೆ ಇಂಥ ತಗ್ಗುಗಳಲ್ಲಿ ಚರ್ಮ ಅಚ್ಚಿಗೆ ಅಂಟದೆ ಡೋಲಿನಂತೆ ಬಿಗಿದು ನಿಂತಿದ್ದರೆ ಅಂಟಿಸುವಾಗ ಅವಸರ ಮಾಡಿದ್ದಾರೆ. ಹಕ್ಕಿಯಲ್ಲಿ ಎದೆಯ ಗರಿಗಳು ಒಂದರ ಮೇಲೊಂದು ಸಾಲಾಗಿ ಕೂತಿರಬೇಕು. ಗರಿಗಳ ನಡುವೆ ಬೋಳು ಗೆರೆ ಕಂಡರೆ ಹೊಲಿಗೆಯಲ್ಲಿ ಚರ್ಮ ಎಳೆದಿದೆ. ಎರಡೂ ಕಾಲುಗಳು ದೇಹದ ಭಾರ ಹೊತ್ತಂತೆ ಕಾಣಬೇಕು.

ಆಮೇಲೆ ಮಾದರಿಯ ಪೀಠದ ಮೇಲೆ ಬೆರಳಾಡಿಸಿ. ಮರದ ಹುಡಿಯಂಥ ಸಣ್ಣ ಪುಡಿ, ಕೂದಲಿರುವ ಪುಟ್ಟ ಹುಳದ ಪೊರೆ ಸಿಕ್ಕಿದರೆ ಒಳಗೆ ಚರ್ಮ ತಿನ್ನುವ ಜೀರುಂಡೆ ಸೇರಿದೆ. ಮೂಗಿಗೆ ಹಳಸಲು ಎಣ್ಣೆಯ ವಾಸನೆ ಬಂದರೆ ಕೊಬ್ಬು ಪೂರ್ತಿ ತೆಗೆದಿಲ್ಲ.

ಕರಾವಳಿಯವರು ಮರೆಯದೆ ಕೇಳಬೇಕಾದ್ದು ಇನ್ನೊಂದಿದೆ: "ಎರಡು ಮಳೆಗಾಲ ಕಂಡ ಮಾದರಿ ತೋರಿಸಿ." ಹೊಸದಾಗಿ ಮಾಡಿದ್ದು ಎಲ್ಲರದೂ ಚೆನ್ನಾಗಿರುತ್ತದೆ. ನಮ್ಮ ಜೂನ್ ಜುಲೈ ತಿಂಗಳ ತೇವದಲ್ಲಿ ಬೂಸ್ಟು ಹಿಡಿಯದೆ, ಹೊಲಿಗೆ ಬಿಡದೆ ನಿಂತದ್ದೇ ಕೆಲಸ. ಹಳೆಯ ಮಾದರಿ ತೋರಿಸಲು ಹಿಂಜರಿಯುವ ಕಡೆ ನಾನಾದರೆ ಸೇರುವುದಿಲ್ಲ.

5. ಶುಲ್ಕ ಕಟ್ಟುವ ಮುನ್ನ ಬರೆಸಿಕೊಳ್ಳಿ

ಎಷ್ಟು ಪ್ರಾಣಿಗಳನ್ನು ನಾನೇ ಮೊದಲಿನಿಂದ ಕೊನೆಯವರೆಗೆ ಮಾಡುತ್ತೇನೆ? ಒಬ್ಬ ಶಿಕ್ಷಕರಿಗೆ ಎಷ್ಟು ಜನ? ಉಪಕರಣ, ಗಾಜಿನ ಕಣ್ಣು, ಹದ ಮಾಡುವ ವಸ್ತುಗಳು ಶುಲ್ಕದಲ್ಲೇ ಸೇರಿವೆಯೇ? ಪ್ರತಿ ಪ್ರಾಣಿಯ ಮೂಲವನ್ನು ನಮೂದಿಸುವ ದಾಖಲೆ ಪುಸ್ತಕ ಇದೆಯೇ? ವನ್ಯಪ್ರಾಣಿಯಾದರೆ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಅನುಮತಿಯ ಪ್ರತಿ ತೋರಿಸುತ್ತಾರೆಯೇ?

ಎರಡು ದಿನಗಳ ಕಾರ್ಯಾಗಾರದ ಬಗ್ಗೆ ಒಂದು ಎಚ್ಚರಿಕೆ. ಒಂದು ಹಕ್ಕಿಯ ಚರ್ಮ ಸುಲಿದು ನಿಲ್ಲಿಸಲು ಅಷ್ಟು ಸಮಯ ಸಾಕಾಗಬಹುದು, ಆದರೆ ಅದು ಒಣಗಲು ವಾರಗಳು ಬೇಕು. ಒಣಗುವಾಗಲೇ ತಪ್ಪುಗಳು ಹೊರಬೀಳುವುದು. ತೇವದ ಮಾದರಿಯನ್ನು ಕೈಗಿತ್ತು ಕಳುಹಿಸುವ ಕಾರ್ಯಾಗಾರ ರುಚಿ ನೋಡಲು ಸಾಕು, ಕಲಿಯಲು ಸಾಲದು.

6. ಆರೋಗ್ಯದ ವಿಷಯದಲ್ಲಿ ರಾಜಿ ಬೇಡ

ಹಿಂದಿನ ಕಾಲದಲ್ಲಿ ಹುಳ ಬೀಳದಿರಲೆಂದು ಚರ್ಮದ ಒಳಬದಿಗೆ ಆರ್ಸೆನಿಕ್ ಬೆರೆಸಿದ ಸಾಬೂನು ಹಚ್ಚುತ್ತಿದ್ದರು. ಹಳೆಯ ಮಾದರಿಗಳಲ್ಲಿ ಆ ವಿಷ ಇಂದಿಗೂ ಇರಬಹುದು, ಆದ್ದರಿಂದ ಕೈಗವಸಿಲ್ಲದೆ ಅವನ್ನು ಮುಟ್ಟಬಾರದು. ಇಂದು ಬಿಳಿಗಾರ (ಬೊರಾಕ್ಸ್) ಬಳಸುವುದು ರೂಢಿ. ಈಗಲೂ ಆರ್ಸೆನಿಕ್ ಸಾಬೂನೇ ಶ್ರೇಷ್ಠ ಎನ್ನುವ ಗುರುಗಳಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಮಾದರಿ ಕೊಳೆಯದಿರಲೆಂದು ಫಾರ್ಮಾಲಿನ್ ದ್ರಾವಣ ಬಳಸುವ ಕೋಣೆಯಲ್ಲಿ ಗಾಳಿ ಎಳೆಯುವ ಫ್ಯಾನ್ ಇರಲೇಬೇಕು. ಅದರ ಆವಿ ಕ್ಯಾನ್ಸರ್‌ಕಾರಕ.

ರೋಗಗಳ ವಿಷಯದಲ್ಲಿ ನಮ್ಮ ಭಾಗದವರು ಇನ್ನಷ್ಟು ಜಾಗ್ರತೆಯಿಂದಿರಬೇಕು. ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ನಿಪಾ 2018ರಲ್ಲಿ ಕಾಣಿಸಿಕೊಂಡದ್ದು ಕಲ್ಲಿಕೋಟೆಯಲ್ಲಿ. ಸತ್ತ ಮಂಗ, ಸತ್ತ ಬಾವಲಿ, ಗುಂಪಾಗಿ ಸತ್ತು ಬಿದ್ದ ಹಕ್ಕಿ ಅಥವಾ ಕೋಳಿಗಳನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಧನುರ್ವಾಯು ಮತ್ತು ರೇಬಿಸ್ ಮುಂಜಾಗ್ರತಾ ಲಸಿಕೆಗಳ ಬಗ್ಗೆ ಸೇರುವ ಮೊದಲೇ ವೈದ್ಯರಲ್ಲಿ ಕೇಳಿ. ಇವನ್ನೆಲ್ಲ ಶಾಲೆಯವರೇ ಮೊದಲ ದಿನ ಹೇಳಬೇಕು. ಹೇಳದಿದ್ದರೆ ಅದೂ ಒಂದು ಗುರುತು.

7. ಒಂದು ಹುಂಜದ ಮೇಲೆ ಕೈ ಪರೀಕ್ಷಿಸಿ

ಹಣ ಕಟ್ಟುವ ಮೊದಲು ಮನೆಯಲ್ಲೇ ಇದನ್ನು ಮಾಡಿ ನೋಡಿ. ಅಡುಗೆಗೆಂದು ಕೊಯ್ಯುವ ಆರೋಗ್ಯವಂತ ನಾಟಿ ಹುಂಜ ಒಂದನ್ನು ಗರಿ ಸಮೇತ, ಬಿಸಿನೀರಿಗೆ ಹಾಕದೆ ಪಡೆಯಿರಿ. ಬ್ರಾಯ್ಲರ್ ಕೋಳಿಯಲ್ಲಿ ಕೊಬ್ಬು ಹೆಚ್ಚು, ಚರ್ಮ ಬೇಗ ಹರಿಯುತ್ತದೆ. ನಮ್ಮ ಸೆಖೆಯಲ್ಲಿ ಕೆಲವೇ ಗಂಟೆಗಳಲ್ಲಿ ಚರ್ಮ ಕೊಳೆಯತೊಡಗಿ ಗರಿ ಕಳಚುತ್ತದೆ, ಹಾಗಾಗಿ ಕೂಡಲೇ ಕೆಲಸ ಶುರುಮಾಡಿ, ಆಗದಿದ್ದರೆ ಫ್ರಿಜ್‌ನಲ್ಲಿಡಿ.

ಮೊದಲು ನೂಲಿನಿಂದ ದೇಹದ ಉದ್ದ ಮತ್ತು ಸುತ್ತಳತೆ ತೆಗೆದು ಬರೆದಿಡಿ. ಎದೆಯ ಗರಿಗಳನ್ನು ಎರಡು ಬದಿಗೆ ಸರಿಸಿದರೆ ನಡುವೆ ಎದೆಮೂಳೆಯ ಏಣು ಸಿಗುತ್ತದೆ. ಅಲ್ಲಿಂದ ಗುದದ್ವಾರಕ್ಕೆ ತುಸು ಮೊದಲಿನವರೆಗೆ ಚರ್ಮವನ್ನಷ್ಟೇ ಸೀಳಿ. ಅಲುಗು ಆಳಕ್ಕೆ ಹೋದರೆ ಕರುಳು ತೂತಾಗಿ ಗರಿಯೆಲ್ಲ ಹಾಳಾಗುತ್ತದೆ. ಮುಂದೆ ಕತ್ತಿಗಿಂತ ಬೆರಳಿಗೇ ಹೆಚ್ಚು ಕೆಲಸ. ಚರ್ಮವನ್ನು ಎಳೆಯದೆ, ಮಾಂಸವನ್ನು ಅದರಿಂದ ದೂರಕ್ಕೆ ತಳ್ಳುತ್ತಾ ಹೋಗಿ. ಒದ್ದೆಯಾದ ಕಡೆ ಬಿಳಿಗಾರದ ಪುಡಿ ಉದುರಿಸಿ. ಬೆನ್ನಿನ ಕೆಳಭಾಗ ಬಂದಾಗ ಚರ್ಮ ಕಾಗದದಷ್ಟು ತೆಳ್ಳಗಾಗುತ್ತದೆ, ಹೆಚ್ಚಿನವರು ಹರಿಯುವುದು ಅಲ್ಲೇ. ಬಿಳಿಗಾರ ಸೋಕಿದ ಮಾಂಸವನ್ನು ಅಡುಗೆಗೆ ಬಳಸಬೇಡಿ, ನಾಯಿಗೂ ಹಾಕಬೇಡಿ, ಆಳವಾಗಿ ಹೂತುಬಿಡಿ.

ಚರ್ಮ ಹರಿದರೆ ಬೇಸರ ಬೇಡ. ನೋಡಬೇಕಾದ್ದು ಬೇರೆ: ರಕ್ತ, ವಾಸನೆ, ಕೊಬ್ಬಿನ ಜಿಡ್ಡಿನ ನಡುವೆ ಮೂರು ನಾಲ್ಕು ಗಂಟೆ ತಲೆ ಬಗ್ಗಿಸಿ ಕೂರಲು ನಿಮ್ಮ ಮನಸ್ಸು ಒಪ್ಪಿತೇ? ಒಪ್ಪಿದರೆ ಇನ್ನೊಂದು ಹುಂಜದ ಮೇಲೆ ಮಾಡಿ, ಆಮೇಲೆ ಅರ್ಜಿ ಹಾಕಿ.

8. ಪ್ರಮಾಣಪತ್ರ, ಪರವಾನಗಿ, ಸಮಯ

ಯಾವ ಶಾಲೆಯ ಪ್ರಮಾಣಪತ್ರವೂ ವನ್ಯಪ್ರಾಣಿಗಳ ಮೇಲೆ ವೃತ್ತಿ ನಡೆಸಲು ಪರವಾನಗಿಯಾಗುವುದಿಲ್ಲ. ಕಾಯ್ದೆಯ 44ನೆಯ ವಿಧಿ ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕೆನ್ನುತ್ತದೆ. "ನಮ್ಮ ಕೋರ್ಸ್ ಮುಗಿಸಿದರೆ ಲೈಸೆನ್ಸ್ ಬಂದಂತೆಯೇ" ಎಂಬ ಮಾತು ಸುಳ್ಳು. ಸಾಕುಪ್ರಾಣಿ ಮತ್ತು ಮೀನಿನ ಕೆಲಸ ಮಾಡುವವರೂ ಪ್ರತಿಯೊಂದಕ್ಕೂ ಮಾಲೀಕರ ಹೆಸರು, ಪ್ರಾಣಿ ಸತ್ತ ದಿನ, ಕಾರಣ, ಫೋಟೊ ಇರುವ ಪುಸ್ತಕ ಇಟ್ಟುಕೊಳ್ಳಿ. ಯಾರಾದರೂ ಬಂದು ಕೇಳಿದಾಗ ಅದೇ ನಿಮ್ಮ ರಕ್ಷಣೆ.

ಕಲಿಯಲು ಒಳ್ಳೆಯ ಕಾಲ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ; ಗಾಳಿ ಒಣಗಿರುತ್ತದೆ, ಚರ್ಮ ಮಾತು ಕೇಳುತ್ತದೆ. ಸರ್ಕಾರಿ ಸಂಸ್ಥೆಗಳಿಗೆ ಜೂನ್‌ನಲ್ಲೇ ಬರೆಯಿರಿ. ಪತ್ರ ಒಂದು ಪುಟ ಮೀರದಿರಲಿ: ನಿಮ್ಮ ಓದು, ಯಾವ ಕೆಲಸ ಕಲಿಯಬೇಕು, ಎಷ್ಟು ದಿನ ಬರಬಲ್ಲಿರಿ, ಇಷ್ಟೇ ಸಾಕು. ಕಲ್ಲಿಕೋಟೆಗೆ ಇಂಗ್ಲಿಷ್ ಅಥವಾ ಮಲಯಾಳ, ಮುಂಬೈಗೆ ಇಂಗ್ಲಿಷ್ ನಡೆಯುತ್ತದೆ. ಬರೆಯಲು ಕಷ್ಟವಾದರೆ ಹತ್ತಿರದ ಅಕ್ಷಯ ಕೇಂದ್ರದಲ್ಲಿ ಟೈಪ್ ಮಾಡಿಸಿಕೊಳ್ಳಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಮತ್ತೆ ಬರೆಯಿರಿ, ಆ ಪತ್ರದ ಜೊತೆ ನೀವು ಸುಲಿದ ಎರಡನೆಯ ಹುಂಜದ ಚರ್ಮದ ಒಳಬದಿ ಮತ್ತು ಹೊರಬದಿಯ ಫೋಟೊ ಲಗತ್ತಿಸಿ.